ಹನ್ನೊಂದನೆಯ ಕಿಲೋಮೀಟರಿನ ಕಿಂಡಿ

ವಡ್ಡು ಕ್ಯಾಂಪ್
9 ಜನವರಿ 2022

ಅಪ್ಪಾ,

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಕಿವಿಗೆ ಮಿಷನ್ ಹಾಕಿಕೊಳ್ಳಿ ಎಂದರೆ ಅದು ಗುಂಯ್ ಅನ್ನುತ್ತದೆ ಎನ್ನುತ್ತೀರಿ. ವಾಟ್ಸಾಪಿನಲ್ಲಿ ಬರೆದರೆ ಹೆಬ್ಬೆರಳು ತೋರಿಸಿ ಮುಗಿಸುತ್ತೀರಿ. ತೂಬು ತೆಗೆದು, ತೂಬು ಮುಚ್ಚಿ ಮೂವತ್ತೇಳು ವರ್ಷ ಕಾಲುವೆ ಕಾದ ಲಷ್ಕರ್ ನೀವು, ಕಾಗದದಲ್ಲಿ ಬಂದದ್ದಕ್ಕೆ ಮಾತ್ರ ಉತ್ತರ ಕೊಡುತ್ತೀರಿ ಅಂತ ಅಮ್ಮ ಹೇಳಿದಳು. ಆದ್ದರಿಂದ ಕಾಗದ.

ರಸ್ತೆ ಕೆಲಸ ಜೋರಾಗಿ ನಡೆದಿದೆ. ಇನ್ನೆರಡು ವರ್ಷ ಕಳೆದರೆ ಸಂಡೂರಿನ ಅದಿರು ಲಾರಿ ಹೊಸಪೇಟೆಯ ಒಳಗೆ ಕಾಲಿಡುವುದಿಲ್ಲ. ಊರ ಸುತ್ತ ಮೂವತ್ತೊಂದು ಕಿಲೋಮೀಟರ್, ನಾಲ್ಕು ಪಥ, ಎಲ್ಲೂ ಸಿಗ್ನಲ್ ಇಲ್ಲ. ಟೋಲ್ ಕಟ್ಟಿ ಹತ್ತಿದರೆ ಕಂಪ್ಲಿ ದಾರಿಯಲ್ಲೇ ಇಳಿಯಬೇಕು. ಚಿತ್ತವಾಡ್ಗಿಯ ನಮ್ಮ ಮನೆ ಬಾಗಿಲಿಗೆ ಕೆಂಪು ಧೂಳು ಬರದಿರಲೆಂದು ಅಮ್ಮ ಹಸಿ ಸೀರೆ ನೇತುಹಾಕುತ್ತಿದ್ದಳಲ್ಲ, ಆ ಸೀರೆಯನ್ನು ಇಳಿಸುವ ರಸ್ತೆ ಇದು. ಟೋಲ್ ಬೇಡ ಎನ್ನುವವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ.

ಇದರಲ್ಲಿ ನನ್ನ ಪಾಲಿನ ಕೆಲಸ ನೀರಿನದು. ರಸ್ತೆ ಎಂದರೆ ಮಣ್ಣಿನ ಉದ್ದನೆಯ ಏರಿ. ಹಳ್ಳ, ಕಾಲುವೆ ಎಲ್ಲಿ ಅಡ್ಡ ಬರುತ್ತವೋ ಅಲ್ಲಿ ಏರಿಯ ಕೆಳಗೆ ಕಾಂಕ್ರೀಟಿನ ಕಿಂಡಿ ಬಿಡಬೇಕು. ಒಟ್ಟು ಅರವತ್ತೊಂದು ಕಿಂಡಿ. ಅರವತ್ತೊಂದರ ನಕ್ಷೆಯ ಕೆಳಗೂ ನನ್ನ ಸಹಿ ಇದೆ. ನಿಮ್ಮ ಹೆಸರೂ ವರದಿಯಲ್ಲಿದೆ, ನೂರ ನಾಲ್ಕನೇ ಪುಟ. ಹೋದ ವರ್ಷ ಸರ್ವೆಗೆ ಬಂದಾಗ ಹಳೆಯ ಕಾಲುವೆಗಳನ್ನು ತೋರಿಸಿಕೊಟ್ಟಿರಲ್ಲ, ಅದಕ್ಕೆ.

ಕೆಲಸದ ಪೂಜೆಗೆ ಕರೆದರೆ ಯಾಕೆ ಬರಲಿಲ್ಲ? ಮಂಡಿನೋವು ಎಂದಿರಿ. ಅದೇ ವಾರ ಕಂಪ್ಲಿ ಸಂತೆಗೆ ಸೈಕಲ್ಲಿನಲ್ಲಿ ಹೋಗಿದ್ದಿರಂತೆ. ನನ್ನ ಹತ್ತಿರ ಎಲ್ಲ ಸುದ್ದಿಯೂ ಬರುತ್ತದೆ.

ಉತ್ತರ ಬರೆಯಿರಿ. ಹೆಬ್ಬೆರಳು ನಡೆಯುವುದಿಲ್ಲ.

ನಿಮ್ಮ ಮಗಳು,
ಸೌಜನ್ಯ


ಚಿತ್ತವಾಡ್ಗಿ, ಹೊಸಪೇಟೆ
17 ಜನವರಿ 2022

ಚಿ. ಸೌಜನ್ಯಳಿಗೆ,

ನಿನ್ನ ಕಾಗದ 13ನೇ ತಾರೀಖು ತಲುಪಿತು. ನಿನ್ನ ಅವ್ವ ಎರಡು ಸಲ ಓದಿದಳು. ಹಸಿ ಸೀರೆಯ ಮಾತು ಬಂದಾಗ, "ಅದೊಂದು ಸೀರಿ ಹಾಳಾತು, ಉಳದದ್ದು ಚಲೋ ಅದಾವು" ಎಂದಳು. ಸಂತೋಷವಾದಾಗ ಅವಳು ಮಾತಾಡುವುದೇ ಹೀಗೆ.

ರಸ್ತೆ ಒಳ್ಳೆಯದು. ನನ್ನದೇನೂ ತಕರಾರಿಲ್ಲ. ಅರವತ್ತೊಂದು ಕಿಂಡಿಗೆ ನನ್ನ ಮಗಳ ಸಹಿ ಎಂದು ಡ್ಯಾಮಿನ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಬಂದೆ. ಸಂತೆಗೆ ಇಳಿಜಾರಿನ ದಾರಿ, ಅದಕ್ಕೆ ಮಂಡಿ ಬೇಕಾಗುವುದಿಲ್ಲ.

ಒಂದು ಮಾತು. ಹನ್ನೊಂದನೆಯ ಕಿಲೋಮೀಟರಿನಲ್ಲಿ ನಿಮ್ಮ ರಸ್ತೆ ಗೌಳೇರ ತೂಬಿನ ಕಾಲುವೆಯನ್ನು ದಾಟುತ್ತದೆ. ಅಲ್ಲಿ ನೀನು ಕಿಂಡಿ ಇಟ್ಟಿಲ್ಲವೆಂದು ಕೇಳಿದೆ. ಅಲ್ಲಿಯೂ ಒಂದು ಇಡು. ದೊಡ್ಡದು ಬೇಡ, ಒಂದೂವರೆ ಮೀಟರ್ ಅಗಲವಿದ್ದರೆ ಸಾಕು. ಕಾರಣ ಕೇಳಬೇಡ. ಅರವತ್ತೊಂದು ಇದ್ದಲ್ಲಿ ಅರವತ್ತೆರಡು ಆದರೆ ಕಂಪನಿಯವರೇನೂ ಊಟ ಬಿಡುವುದಿಲ್ಲ.

ವೇಳೆಗೆ ಸರಿಯಾಗಿ ಉಣ್ಣು. ಕ್ಯಾಂಪಿನ ಧೂಳಿಗೆ ತಲೆಗೆ ಬಟ್ಟೆ ಕಟ್ಟಿಕೊ.

ಇಂತು ನಿನ್ನ ಅಪ್ಪ,
ರೇವಣಸಿದ್ದಪ್ಪ (ನಿವೃತ್ತ ಲಷ್ಕರ್)


ವಡ್ಡು ಕ್ಯಾಂಪ್
24 ಜನವರಿ 2022

ಅಪ್ಪಾ,

ಕಾರಣ ಕೇಳಬೇಡ ಎನ್ನುತ್ತೀರಿ. ಕಾರಣವಿಲ್ಲದೆ ನನ್ನ ಕೈಯಲ್ಲಿ ಒಂದು ಇಟ್ಟಿಗೆಯನ್ನೂ ಇಡಿಸಲಾಗದು. ಕಿಂಡಿ ಸೇರಿಸಬೇಕಾದರೆ ಹೊಸ ನಕ್ಷೆ, ಅದನ್ನು ಪರಿಶೀಲಿಸುವವರ ಒಪ್ಪಿಗೆ, ಕಾಲುವೆ ಆಫೀಸಿನ ಒಪ್ಪಿಗೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ನೀರು ಹರಿಯುತ್ತದೆಯೇ?

ಗೌಳೇರ ತೂಬು 1998ರಲ್ಲೇ ರದ್ದಾಗಿದೆ ಎಂದು ಕಾಲುವೆ ಆಫೀಸಿನ ಕಾಗದ ಹೇಳುತ್ತದೆ. ಹೋದ ಫೆಬ್ರವರಿಯಲ್ಲಿ ನಾವು ಡ್ರೋನ್ ಹಾರಿಸಿದಾಗ ಆ ಕಾಲುವೆಯಲ್ಲಿ ಹನಿ ನೀರಿರಲಿಲ್ಲ. ಅದು ವರ್ಷದ ರಿಪೇರಿಗೆ ಎಲ್ಲ ಕಾಲುವೆಗಳನ್ನೂ ಬಂದ್ ಮಾಡುವ ತಿಂಗಳು ಎಂಬುದು ನನಗೂ ಗೊತ್ತಿತ್ತು. ಅದಕ್ಕೇ ಡ್ರೋನ್ ಒಂದನ್ನೇ ನಂಬದೆ ನಿಮ್ಮನ್ನು ಕರೆಸಿದ್ದು. ನೀವು ಬಂದಿರಿ. ಏರಿಯ ಮೇಲೆ ನಿಂತು, ಕಾಲುವೆ ಆಫೀಸಿನ ಸಾಹೇಬರ ಎದುರಿಗೆ, ನನ್ನ ಮ್ಯಾನೇಜರ್ ಎದುರಿಗೆ ಹೇಳಿದಿರಿ: "ಇದು ಸತ್ತ ಕಾಲುವಿ ರೀ. ಇದರಾಗ ನೀರು ಬಂದು ಇಪ್ಪತ್ತು ವರ್ಷ ಆತು." ನಾನು ಅದನ್ನೇ ಬರೆದುಕೊಂಡೆ. ನೂರ ನಾಲ್ಕನೇ ಪುಟದಲ್ಲಿ ಇರುವುದು ಅದೇ ಮಾತು.

ಈಗ ಏನು ಬದಲಾಯಿತು? ಮಣ್ಣಿನ ಕೆಲಸ ಜೂನ್ ಹೊತ್ತಿಗೆ ಹನ್ನೊಂದನೆಯ ಕಿಲೋಮೀಟರಿಗೆ ಬರುತ್ತದೆ. ಒಮ್ಮೆ ಏರಿ ಬಿದ್ದರೆ ಮುಗಿಯಿತು. ಕಾರಣವಿದ್ದರೆ ಈಗಲೇ ಬರೆಯಿರಿ.

ಸೌಜನ್ಯ


ಚಿತ್ತವಾಡ್ಗಿ
20 ಫೆಬ್ರವರಿ 2022

ಸೌಜನ್ಯಾ,

ನಾಲ್ಕು ವಾರ ಉತ್ತರ ಬರೆಯಲಿಲ್ಲ. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಓದಿದ ಮೇಲೆ ಇದನ್ನೂ ಹರಿದುಹಾಕು.

ಗೌಳೇರ ತೂಬು ಸತ್ತಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಅದನ್ನು ತೆಗೆಯುತ್ತಿರುವವನು ನಾನು.

98ರಲ್ಲಿ ಕಾಲುವೆಗೆ ಕಾಂಕ್ರೀಟ್ ಹಾಕಿದರು. ಹಳೆಯ ಏಳು ತೂಬುಗಳನ್ನು ರದ್ದು ಮಾಡಿ ಹೊಸವನ್ನು ಕೊಟ್ಟರು. ಗೌಳೇರ ತೂಬಿಗೆ ಬದಲಿ ಕೊಟ್ಟ ಹೊಸ ತೂಬು ತಗ್ಗಿನಲ್ಲಿತ್ತು. ಅದರ ನೀರು ಹಿಂದಿನ ಅರವತ್ತು ಎಕರೆಗೆ ಏರುವುದಿಲ್ಲ. ಎರಡು ಸಲ ಬರವಣಿಗೆಯಲ್ಲಿ ತಿಳಿಸಿದೆ. ಎರಡು ಸಲವೂ "ಪರಿಶೀಲಿಸಲಾಗುವುದು" ಎಂದು ಬಂತು. ಅಷ್ಟರಲ್ಲಿ ಭತ್ತ ತೆನೆ ಕಟ್ಟುತ್ತಿತ್ತು. ಜಂಬಮ್ಮ ಎನ್ನುವ ಹೆಂಗಸು ಬಂದು ನನ್ನೆದುರು ಅಳಲಿಲ್ಲ, ಕೈ ಮುಗಿಯಲಿಲ್ಲ. ಒಣಗಿದ ಒಂದು ಹಿಡಿ ಪೈರನ್ನು ನನ್ನ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಹೋದಳು. ಆ ಸಂಜೆ ತೂಬಿನ ಸೀಲು ಒಡೆದು ತಿರುಪು ತಿರುಗಿಸಿದೆ.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಎರಡು ದಿನ ನೀರು. ಮೇಲಿನವರು ಎಲ್ಲ ಕುಡಿದುಬಿಡಬಾರದೆಂದು ಒಂದು ಕಟ್ಟು ಮಾಡಿದೆ: ಪಾಳಿ ಬಾಲದಿಂದ ಶುರು. ಕಾಲುವೆಯ ಕಟ್ಟಕಡೆಯ ಹೊಲದ ಜಂಬಮ್ಮನಿಗೆ ಮೊದಲು, ತೂಬಿನ ಪಕ್ಕದ ಉಚ್ಚೆಂಗಪ್ಪನಿಗೆ ಕೊನೆಗೆ. ಇವತ್ತಿನವರೆಗೂ ಒಬ್ಬನೂ ಅದನ್ನು ಮುರಿದಿಲ್ಲ. ಮತ್ತು ದಿನ ಬೆಳಗಾದರೆ ರಿಜಿಸ್ಟರಿನಲ್ಲಿ ನನ್ನ ಕೈಯಾರೆ ಬರೆಯುತ್ತಿದ್ದೆ: ಗೌಳೇರ ತೂಬು, ಬಂದ್. ಕಡಿಮೆ ಬಿದ್ದ ನೀರನ್ನು ಸೋರಿಕೆ ಎಂದು ತೋರಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ, ತಿರುಪಿನ ಸ್ಪ್ಯಾನರ್ ನನ್ನ ಹತ್ತಿರವೇ ಉಳಿಯಿತು.

ಅವತ್ತು ನೀನು ಕೇಳಿದಾಗ ಪಕ್ಕದಲ್ಲಿ ಕಾಲುವೆ ಆಫೀಸಿನ ಸಾಹೇಬರಿದ್ದರು. ಬಾಯಿಗೆ ರೂಢಿಯಾದ ಮಾತೇ ಬಂತು. ಹೇಳಿದ ಮೇಲೆ ನಿನ್ನ ಪೆನ್ನು ಓಡುವುದನ್ನು ನೋಡಿದೆ. ಸುಮ್ಮನೆ ನಿಂತೆ. ಪೂಜೆಗೆ ಬರದಿದ್ದುದಕ್ಕೂ ಅದೇ ಕಾರಣ.

ಈಗ ನಿಜ ಹೇಳಿದರೆ ಮೂವತ್ತೇಳು ವರ್ಷದ ಸೇವೆಗೆ ಮಸಿ. ರೇವಣಸಿದ್ದಪ್ಪನ ರಿಜಿಸ್ಟರ್ ಎಂದರೆ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದ ಅಧಿಕಾರಿಗಳು ಇನ್ನೂ ಬದುಕಿದ್ದಾರೆ. ನೀನು ಓದಿದವಳು. ಮಳೆನೀರಿಗೆ ಎಂದೋ ಮತ್ತೇನಕ್ಕೋ ಎಂದು ಬರೆದು ಒಂದು ಕಿಂಡಿ ಇಡು. ನನ್ನ ಹೆಸರು ಬರುವುದು ಬೇಡ.

ರೇವಣಸಿದ್ದಪ್ಪ


ವಡ್ಡು ಕ್ಯಾಂಪ್
27 ಫೆಬ್ರವರಿ 2022

ಅಪ್ಪಾ,

ನಿಮ್ಮ ಕಾಗದವನ್ನು ಹರಿದಿಲ್ಲ. ಹರಿಯುವುದೂ ಇಲ್ಲ.

ನನಗೆ ಬಂದಿರುವ ಸಿಟ್ಟು ಎಷ್ಟೆಂದು ಬರೆಯಲು ಬರುವುದಿಲ್ಲ. ನನ್ನ ಸಹಿಯ ಮೇಲೆ ನಿಮ್ಮ ಸುಳ್ಳನ್ನು ಕೂರಿಸಿದಿರಿ. ಒಂದು ವರ್ಷ ಸುಮ್ಮನಿದ್ದಿರಿ. ಈಗ ಇನ್ನೊಂದು ಸುಳ್ಳು ಬರೆದು ಕಿಂಡಿ ಇಡು ಎನ್ನುತ್ತೀರಿ. ಮಳೆನೀರಿಗೆ ಲೆಕ್ಕವಿದೆ ಅಪ್ಪಾ. ಆ ಜಾಗಕ್ಕೆ ಹರಿದು ಬರುವ ಮಳೆಗೆ ಒಂದು ಪೈಪೂ ಬೇಕಾಗಿಲ್ಲ. ಪರಿಶೀಲಿಸುವವರು ಅದನ್ನು ಅರ್ಧ ಗಂಟೆಯಲ್ಲಿ ಹೊಡೆದುಹಾಕುತ್ತಾರೆ, ನನ್ನ ಉಳಿದ ಅರವತ್ತೊಂದನ್ನೂ ಅನುಮಾನದಿಂದ ನೋಡುತ್ತಾರೆ.

ಆದರೂ ಕೇಳಿ. ಅರವತ್ತು ಎಕರೆಯ ಮುಂದೆ ಗೋಡೆ ಕಟ್ಟಿದವಳು ಎನ್ನಿಸಿಕೊಳ್ಳಲು ನಾನು ಇಂಜಿನಿಯರ್ ಆಗಿಲ್ಲ. ಕಿಂಡಿ ಬಂದೇ ಬರುತ್ತದೆ, ನಿಜದ ಕಾರಣದ ಮೇಲೆ ಬರುತ್ತದೆ. ನನ್ನ ಹತ್ತಿರ ದಾರಿ ಇದೆ. ಸ್ಥಳೀಯರ ವಿಚಾರಣೆಯನ್ನು ಮತ್ತೊಮ್ಮೆ ಮಾಡುವ ಅಧಿಕಾರ ನನಗಿದೆ. ಹೊಲದವರೇ ಬಂದು ನಮಗೆ ಇದರಿಂದ ನೀರು ಬರುತ್ತದೆ ಎಂದು ಹೇಳಿ ಸಹಿ ಹಾಕಿದರೆ ಸಾಕು. ಯಾರು ಬಿಟ್ಟರು ಎಂದು ನಾನು ಕೇಳುವುದಿಲ್ಲ. ಕಾಲುವೆ ಆಫೀಸಿನ ಒಬ್ಬರು ಜೊತೆಗಿರಬೇಕು, ಅದು ನಿಯಮ. ನಿಮ್ಮ ಹೆಸರೂ ಉಳಿಯುತ್ತದೆ, ನನ್ನ ಕೆಲಸವೂ ಆಗುತ್ತದೆ.

ಮಾರ್ಚ್ 12ಕ್ಕೆ ಹೋಗುತ್ತಿದ್ದೇನೆ. ನೀವು ಆ ಕಡೆ ಸುಳಿಯಬೇಡಿ.

ಸೌಜನ್ಯ


ವಡ್ಡು ಕ್ಯಾಂಪ್
15 ಮಾರ್ಚ್ 2022

ಅಪ್ಪಾ,

ಹೋಗಿ ಬಂದೆ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಮೂರು ದಿನವಾಯಿತು.

ಮೊದಲು ಸಿಕ್ಕವರು ಉಚ್ಚೆಂಗಪ್ಪ. ಈ ಕಾಲುವೆಯಲ್ಲಿ ನೀರು ಬರುತ್ತದೆಯೇ ಎಂದು ಕೇಳಿದೆ. "ಎಲ್ಲಿ ನೀರು ರೀ ಮೇಡಂ, ಅದು ನಮ್ಮಪ್ಪನ ಕಾಲಕ್ಕ ಹೋತು" ಎಂದರು. ಹಾಗಾದರೆ ಭತ್ತಕ್ಕೆ ನೀರು ಎಲ್ಲಿಂದ ಎಂದರೆ, "ದೇವ್ರು ಕೊಡ್ತಾನ." ಹೊನ್ನೂರುಸ್ವಾಮಿ ಎನ್ನುವವರು ಬೋರ್‌ವೆಲ್ ಇದೆ ಎಂದರು. ತೋರಿಸಿ ಎಂದೆ. "ಅದು ಭಾಳ ಆಳಕ್ಕೈತ್ರಿ, ಕಾಣಂಗಿಲ್ಲ" ಎಂದರು. ಜಂಬಮ್ಮ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಾಳೆ ಕಂದು ಕೀಳುತ್ತಿದ್ದರು. ಈ ಕೆಸರು ಎಲ್ಲಿಂದ ಬಂತು ಎಂದು ಕೇಳಿದೆ. ಆಕಾಶ ನೋಡಿದರು, ನನ್ನನ್ನು ನೋಡಿದರು. "ಮಳಿ ಬಂದಿತ್ತವ್ವ" ಎಂದರು. ಮಾರ್ಚ್ ತಿಂಗಳಲ್ಲಿ, ಹೊಸಪೇಟೆಯಲ್ಲಿ.

ಹನ್ನೊಂದು ಜನ. ಹನ್ನೊಂದು ಜನವೂ ಅದನ್ನೇ ಹೇಳಿದರು. ಪಕ್ಕದಲ್ಲಿದ್ದ ಕಾಲುವೆ ಆಫೀಸಿನ ಗುಮಾಸ್ತರು ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡು ಎಲ್ಲರ ಸಹಿ, ಹೆಬ್ಬೆಟ್ಟು ತೆಗೆದುಕೊಂಡರು. ಮೊದಲು ಕಾಲುವೆ ಸತ್ತಿದೆ ಎಂದು ನೀವೊಬ್ಬರು ಹೇಳಿದ್ದಿರಿ. ಈಗ ಹನ್ನೆರಡು ಸಾಕ್ಷಿ ಆದವು. ನನ್ನ ಮ್ಯಾನೇಜರ್ ವರದಿ ನೋಡಿ, "ಗುಡ್, ವಿಷಯ ಮುಗೀತು" ಎಂದರು. ಮಣ್ಣಿನ ಕೆಲಸವನ್ನು ಜೂನ್ ಬದಲು ಮೇ ಎರಡನೇ ವಾರಕ್ಕೇ ತಂದಿದ್ದಾರೆ.

ಅವರು ಯಾಕೆ ಹೀಗೆ ಮಾಡಿದರು? ನಿಮ್ಮನ್ನು ಹಿಡಿಯಲು ಬಂದವಳು ನಾನು ಎಂದುಕೊಂಡರೇ?

ಇನ್ನು ಉಳಿದಿರುವುದು ನೀವೊಬ್ಬರೇ. ನಾನು ನಿಮ್ಮ ಹೆಸರನ್ನು ಬರೆದುಕೊಡುವುದಿಲ್ಲ. ಅಪ್ಪನ ಕಾಗದವನ್ನು ಆಫೀಸಿಗೆ ಒಯ್ದು ಇಟ್ಟ ಮಗಳಾಗಲಾರೆ, ಎಷ್ಟೇ ಸಿಟ್ಟಿದ್ದರೂ. ನೀವೇ ಬರೆಯಬೇಕು.

ಸೌಜನ್ಯ


ಚಿತ್ತವಾಡ್ಗಿ
4 ಏಪ್ರಿಲ್ 2022

ಸೌಜನ್ಯಾ,

ನಿನ್ನ ಕಾಗದ ಓದಿ ಗೌಳೇರ ತೂಬಿಗೆ ಹೋದೆ. ಜಂಬಮ್ಮನನ್ನು ಕಂಡು ಯಾಕೆ ಸುಳ್ಳು ಹೇಳಿದೆ ಎಂದು ಬೈದೆ. ಅವಳು ನನ್ನ ಕಿವಿಯ ಹತ್ತಿರ ಬಂದು ಊರೆಲ್ಲ ಕೇಳುವ ಹಾಗೆ ಹೇಳಿದಳು. "98ರಾಗ ಊರಮ್ಮನ ಗುಡಿ ಮುಂದ ಮಾತಾಗೈತಿ. ಯಾರು ಕೇಳಿದ್ರೂ ಲಷ್ಕರನ ಹೆಸರು ಹೇಳಂಗಿಲ್ಲ, ನೀರಿನ ಹೆಸರೂ ಹೇಳಂಗಿಲ್ಲ. ನಿನಗ ಗೊತ್ತಿಲ್ಲ, ನಾವು ನಾವೇ ಆಡಿಕೊಂಡ ಮಾತು." ರಸ್ತೆ ಬಿದ್ದರೆ ಹೊಲಕ್ಕೆ ನೀರೇ ಬರುವುದಿಲ್ಲ, ಅದು ತಿಳಿಯಲಿಲ್ಲವೇ ಎಂದೆ. "ನಿನ್ನ ಮಗಳೇ ಇಂಜಿನಿಯರ್ ಅದಾಳ. ಹೆಂಗಾರ ಮಾಡಿ ಕಿಂಡಿ ಬಿಡ್ತಾಳ ಅಂತ ನಾವು ಧೈರ್ಯದಾಗ ಅದೀವಿ." ಬಿಡಲು ಆಗದಿದ್ದರೆ ಎಂದೆ. "ಹೊಲ ಹೋದ್ರ ಹೋಗ್ಲಿ. ನಿನ್ನ ಹೆಸರು ಹೇಳಲ್ಲ" ಎಂದಳು.

ಆಕೆಗಿರುವುದು ಮೂರು ಎಕರೆ, ಮತ್ತೇನೂ ಇಲ್ಲ. ನನಗೆ ಅಲ್ಲಿ ನಿಲ್ಲಲು ನಾಚಿಕೆಯಾಯಿತು. ಅವರು ನನಗಾಗಿ ಹೊಲ ಬಿಡಲು ತಯಾರು, ನಾನು ಅವರಿಗಾಗಿ ಹೆಸರು ಬಿಡಲು ತಯಾರಿಲ್ಲ.

ಕಾಲುವೆ ಆಫೀಸಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದೇನೆ. ಅದರ ನಕಲು ಜೊತೆಗಿದೆ. ತಪ್ಪುಗಳಿದ್ದರೆ ತಿದ್ದಬೇಡ, ಹಾಗೇ ಇರಲಿ.

ನಿನ್ನ ಅಪ್ಪ


(ನಕಲು)
4 ಏಪ್ರಿಲ್ 2022

ಮಾನ್ಯರೇ,

ವಿಷಯ: ಗೌಳೇರ ತೂಬು ಚಾಲ್ತಿಯಲ್ಲಿರುವ ಬಗ್ಗೆ ಮತ್ತು ಅದಕ್ಕೆ ನಾನೇ ಹೊಣೆ ಎಂಬ ಬಗ್ಗೆ.

ಮೇಲ್ಕಂಡ ತೂಬನ್ನು 1998ರಿಂದ ಇಂದಿನವರೆಗೆ, ಯಾರ ಅನುಮತಿಯೂ ಇಲ್ಲದೆ, ಹದಿನೈದು ದಿನಕ್ಕೊಮ್ಮೆ ತೆಗೆದಿರುವವನು ನಾನು. ರಿಜಿಸ್ಟರಿನಲ್ಲಿ "ಬಂದ್" ಎಂದು ಬರೆದಿರುವುದು ಸುಳ್ಳು. ಹೋದ ವರ್ಷ ಟೋಲ್ ರಸ್ತೆಯ ಸರ್ವೆಯ ವೇಳೆ ಕಾಲುವೆ ಸತ್ತಿದೆ ಎಂದು ಹೇಳಿದ್ದೂ ಸುಳ್ಳು. ಇದರಲ್ಲಿ ರೈತರ ತಪ್ಪಿಲ್ಲ. ಸರ್ವೆ ಇಂಜಿನಿಯರರ ತಪ್ಪೂ ಇಲ್ಲ, ಅವರು ನನ್ನ ಮಾತು ನಂಬಿದ್ದಾರೆ. ತಾವು ಯಾವ ದಿನ ಬಂದರೂ ತೂಬು ತೆಗೆದು ತೋರಿಸುತ್ತೇನೆ. ರಸ್ತೆಯ ಕೆಳಗೆ ಕಿಂಡಿ ಬಿಡಿಸಿಕೊಟ್ಟು, ಆ ಬಳಿಕ ನನ್ನ ಮೇಲೆ ಏನು ಕ್ರಮ ಬೇಕೋ ಅದನ್ನು ತೆಗೆದುಕೊಳ್ಳಬೇಕಾಗಿ ಕೋರುತ್ತೇನೆ.

ಎನ್. ರೇವಣಸಿದ್ದಪ್ಪ
ನಿವೃತ್ತ ಲಷ್ಕರ್


ವಡ್ಡು ಕ್ಯಾಂಪ್
8 ಮೇ 2022

ಅಪ್ಪಾ,

ಮೊನ್ನೆ ತಪಾಸಣೆಯ ದಿನ ನೀವು ತೂಬಿನ ಮೇಲೆ ನಿಂತಿದ್ದಿರಿ. ಕೆಳಗೆ ಮಾತಾಡಿದ್ದು ಒಂದೂ ನಿಮಗೆ ಕೇಳಿಸಿಲ್ಲ. ತುಟಿ ಅಲ್ಲಾಡುವುದನ್ನು ನೋಡಿ ಏನೋ ಅಂದಾಜು ಮಾಡಿಕೊಂಡು ಮುಖ ಗಂಟಿಕ್ಕಿದ್ದಿರಿ. ನಡೆದದ್ದನ್ನು ನಾನೇ ಬರೆಯುತ್ತೇನೆ, ಯಾಕೆಂದರೆ ನೀವು ಅದನ್ನು ತಿಳಿಯಲೇಬೇಕು.

ಸಾಹೇಬರು ನಿಮ್ಮ ಅರ್ಜಿಯನ್ನು ಜೋರಾಗಿ ಓದಿದರು. ಓದಿ ಮುಗಿಯುವುದರೊಳಗೆ ಉಚ್ಚೆಂಗಪ್ಪ ಮುಂದೆ ಬಂದರು. "ಅವ್ನ ಮಾತು ನಂಬಬ್ಯಾಡ್ರಿ ಸಾಹೇಬ್ರ. ಮುದುಕಗ ಕಿವಿ ಕೇಳಲ್ಲ, ಈಗೀಗ ತಲಿನೂ ಸರಿ ಇಲ್ಲ." ಹೊನ್ನೂರುಸ್ವಾಮಿ ಇನ್ನೂ ಮುಂದೆ ಹೋದರು. "ಹೋದ ವಾರ ನನ್ನನ್ನ ನೋಡಿ ನೀ ಯಾರು ಅಂತ ಕೇಳಿದ್ನ ರೀ." ಜಂಬಮ್ಮ ತಲೆ ಅಲ್ಲಾಡಿಸಿ ನಿಟ್ಟುಸಿರು ಬಿಟ್ಟರು: "ಚಲೋ ಮನುಷ್ಯ ಇದ್ದ, ಪಾಪ." ನೀವು ಮೇಲಿಂದ ಎಲ್ಲರನ್ನೂ ನೋಡಿ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಿರಿ. ಅವರು ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತಿದ್ದಾರೆ ಎಂದುಕೊಂಡಿರಬೇಕು. ಒಂದು ಲೆಕ್ಕಕ್ಕೆ ಅದು ನಿಜವೂ ಹೌದು.

ನನ್ನ ಮ್ಯಾನೇಜರ್ ಗಡಿಯಾರ ನೋಡಿಕೊಂಡರು. ಮಣ್ಣು ತುಂಬಿದ ಟಿಪ್ಪರುಗಳು ಮುನ್ನೂರು ಮೀಟರ್ ದೂರದಲ್ಲಿ ಸಾಲಾಗಿ ನಿಂತಿದ್ದವು. ಸಾಹೇಬರು ಫೈಲು ಮುಚ್ಚುತ್ತ, ಹಳೆಯ ತೂಬಿನಲ್ಲಿ ಸೋರುವುದು ಇದ್ದದ್ದೇ, ಅದನ್ನೇ ಹರಿವು ಎನ್ನಲಾಗದು ಎಂದರು. ಎಲ್ಲ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ನೀವು ಯಾರನ್ನೂ ಕೇಳದೆ ಸ್ಪ್ಯಾನರ್ ಹಾಕಿ ತಿರುಪು ತಿರುಗಿಸಿಬಿಟ್ಟಿರಿ.

ನೀರು ಬಂತು. ಮೊದಲು ಎಲೆ, ಕಸ, ನೊರೆ. ಅದರ ಹಿಂದೆ ಮೊಣಕಾಲುದ್ದದ ನೀರು. ಅದನ್ನು ನೋಡಿದ್ದೇ ತಡ, ಹನ್ನೊಂದು ಜನಕ್ಕೂ ಆಡಿದ ಸುಳ್ಳು ಮರೆತುಹೋಯಿತು. ಜಂಬಮ್ಮ ಸೀರೆ ಮೇಲೆ ಕಟ್ಟಿ ಸಲಿಕೆ ಹಿಡಿದು ಓಡಿದರು. ಅರವತ್ತರ ಹೆಂಗಸು ಬದುವಿನ ಮೇಲೆ ಹಾಗೆ ಓಡುವುದನ್ನು ನಾನು ನೋಡಿಲ್ಲ. ಅವರ ಹಿಂದೆ ಉಳಿದವರೂ ಓಡಿ ತಮ್ಮ ತಮ್ಮ ಹೊಲದ ಬಾಯಿಯಲ್ಲಿ ನಿಂತರು. ಯಾರೂ ಯಾರನ್ನೂ ಕೇಳಲಿಲ್ಲ.

ಸಾಹೇಬರು ನೋಡುತ್ತಲೇ ಇದ್ದರು. ಉಚ್ಚೆಂಗಪ್ಪನ ಹೊಲ ತೂಬಿನ ಪಕ್ಕದಲ್ಲೇ ಇದೆ, ನೀರು ಅವರ ಕಾಲು ಸವರಿಕೊಂಡು ಹೋಗುತ್ತಿದೆ. ಅವರು ಹೊಲದ ಬಾಯಿ ತೆಗೆಯುವುದು ಬಿಟ್ಟು, ಸಲಿಕೆಯಿಂದ ಮಣ್ಣು ಎಳೆದು ಅದನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತಿದ್ದರು. "ನೀರು ಕಾಲಬುಡಕ್ಕೇ ಬಂದಿದೆಯಲ್ಲ, ಯಾಕೆ ತಗೊಳ್ತಿಲ್ಲ?" ಎಂದು ಸಾಹೇಬರು ಕೇಳಿದರು. ಉಚ್ಚೆಂಗಪ್ಪ ತಲೆ ಎತ್ತದೆ ಹೇಳಿದರು: "ಪಾಳಿ ನಂದಲ್ರಿ. ಮದ್ಲು ಜಂಬಮ್ಮಂದು, ಬಾಲದಿಂದ ಬರಬೇಕು."

ಹೇಳಿ ಮುಗಿಸಿದ ಮೇಲೆ ಸಲಿಕೆ ಕೈಯಲ್ಲೇ ನಿಂತಿತು. ನನ್ನ ಮ್ಯಾನೇಜರ್ ನಕ್ಕುಬಿಟ್ಟರು. ಸಾಹೇಬರು ನಗಲಿಲ್ಲ. ಕಾಲುವೆಯ ಉದ್ದಕ್ಕೂ ಒಂದು ಕಿಲೋಮೀಟರ್ ನಡೆದು ಹೋದರು. ಹತ್ತು ಹೊಲಗಳ ಬಾಯಿ ಮುಚ್ಚಿ, ಹತ್ತು ಜನ ಕಾಯುತ್ತ ನಿಂತಿದ್ದರು. ಕಟ್ಟಕಡೆಯ ಹೊಲದಲ್ಲಿ ಮಾತ್ರ ನೀರು ಬಾಳೆಯ ಸಾಲಿಗೆ ತಿರುಗುತ್ತಿತ್ತು. ಈ ಪದ್ಧತಿ ಯಾರು ಮಾಡಿದರು ಎಂದು ಸಾಹೇಬರು ಜಂಬಮ್ಮನನ್ನು ಕೇಳಿದರು. "ಹೆಸರು ಹೇಳಂಗಿಲ್ರಿ. ಬೇಕಂದ್ರ ಅಲ್ಲಿ ತೂಬಿನ ಮ್ಯಾಲ ನಿಂತಾನ, ಅವನ್ನೇ ಕೇಳ್ರಿ" ಎಂದರು.

ವಾಪಸು ಬಂದು ಅವರು ನಿಮಗೆ ಹೇಳಿದ್ದು ಇದು. ನಿಮಗೆ ಕೇಳಿಸದೆ ಸುಮ್ಮನೆ ನಮಸ್ಕಾರ ಮಾಡಿದಿರಿ. "ರೇವಣಸಿದ್ದಪ್ಪನವರೇ, ನಮ್ಮ ಆಫೀಸಿನ ಅಧಿಕೃತ ತೂಬುಗಳಲ್ಲಿ ಎಷ್ಟೋ ಕಡೆ ನೀರು ಬಾಲ ಮುಟ್ಟುವುದಿಲ್ಲ. ನೋಟಿಸ್ ಕೊಡಲೇಬೇಕು, ಕೊಡುತ್ತೇನೆ. ಕಿಂಡಿಗೆ ಇವತ್ತೇ ಒಪ್ಪಿಗೆ ಬರೆಯುತ್ತೇನೆ."

ಬರೆದರು. ಟಿಪ್ಪರುಗಳು ಹನ್ನೆರಡನೆಯ ಕಿಲೋಮೀಟರಿಗೆ ಹೋದವು.

ಸೌಜನ್ಯ


ಚಿತ್ತವಾಡ್ಗಿ
14 ಮೇ 2022

ಸೌಜನ್ಯಾ,

ತಲೆ ಸರಿ ಇಲ್ಲ ಎಂದನೇ ಉಚ್ಚೆಂಗಪ್ಪ? ಹಾಗೆ ಅಂದದ್ದಕ್ಕೆ ಅವನಿಗೆ ಚಹಾ ಕುಡಿಸಿ ಬಂದೆ.

ಸಾಹೇಬರ ಮಾತಿನ ಭಾಗವನ್ನು ನಿನ್ನ ಅವ್ವನ ಕೈಯಲ್ಲಿ ನನ್ನ ಕಿವಿಯ ಹತ್ತಿರ ಜೋರಾಗಿ ಮತ್ತೆ ಮತ್ತೆ ಓದಿಸಿದೆ. ಕಣ್ಣು ಮಂಜಾಗಿದೆ ಎಂದು ಅವಳಿಗೆ ಸುಳ್ಳು ಹೇಳಿದೆ. "ಇಪ್ಪತ್ನಾಕು ವರ್ಷ ಧೋತ್ರ ಒದ್ದಿ ಮಾಡ್ಕೊಂಡು ಬರ್ತಿದ್ಯಲ್ಲ, ನನಗ ಗೊತ್ತಿಲ್ಲ ಅಂದ್ಕೊಂಡಿದ್ಯಾ" ಎಂದಳು. ಅವಳೂ ಅಷ್ಟು ವರ್ಷ ಬಾಯಿ ಬಿಟ್ಟಿಲ್ಲ ನೋಡು.

ನೋಟಿಸ್ ಬರಲಿ. ಒಂದು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿದೆ. ಎಲ್ಲರಿಗೂ ಸುಳ್ಳು ಹೇಳಿದೆ, ಅದನ್ನು ಹೊರಬಲ್ಲೆ. ನಿನಗೆ ಹೇಳಿದ್ದನ್ನು ಹೊರಲಾಗುತ್ತಿಲ್ಲ. ನಿನ್ನ ಮೊದಲ ದೊಡ್ಡ ಕೆಲಸಕ್ಕೆ ನಿನ್ನ ಅಪ್ಪನೇ ಕಪ್ಪು ಹಚ್ಚಿದ. ಇದನ್ನು ನಿನ್ನ ಮುಂದೆ ನಿಂತು ಹೇಳಬೇಕೆಂದು ಅವತ್ತು ಎರಡು ಸಲ ಹತ್ತಿರ ಬಂದೆ. ಆಗಲಿಲ್ಲ.

ಅಪ್ಪ


ವಡ್ಡು ಕ್ಯಾಂಪ್
3 ಜುಲೈ 2022

ಅಪ್ಪಾ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಏಳು ವಾರ ಬೇಕಾಯಿತು. ಕೆಲಸ ಇತ್ತು ಎನ್ನಬಹುದು, ಆದರೆ ಕಾರಣ ಅದಲ್ಲ.

ಮೊದಲು ಸುದ್ದಿ. ಹನ್ನೊಂದನೆಯ ಕಿಲೋಮೀಟರಿನ ಕಿಂಡಿ ಮುಗಿದಿದೆ. ಎರಡು ಮೀಟರ್ ಅಗಲ ಕೊಟ್ಟಿದ್ದೇನೆ. ಜೂನ್ 28ರ ಪಾಳಿಯ ನೀರು ಅದರೊಳಗೆ ಹಾದು ಜಂಬಮ್ಮನ ಹೊಲ ಮುಟ್ಟಿತು. ಈಗ ಅದರ ಮೇಲೆ ಏರಿ ಬೀಳುತ್ತಿದೆ. ರಸ್ತೆ ಮುಗಿದಾಗ ಅದರ ಮೇಲೆ ಲಾರಿಗಳು ಎಂಬತ್ತರ ವೇಗದಲ್ಲಿ ಹೋಗುತ್ತವೆ, ಕೆಳಗೆ ನೀರು ತನ್ನ ಪಾಡಿಗೆ ತಾನು ಹೋಗುತ್ತದೆ. ಇಷ್ಟು ಚೆನ್ನಾದ ಕಿಂಡಿ ಈ ರಸ್ತೆಯಲ್ಲಿ ಇನ್ನೊಂದಿಲ್ಲ ಎಂದು ನಾನೇ ಹೇಳುತ್ತೇನೆ.

ಇನ್ನು ಕಪ್ಪು ಹಚ್ಚಿದ ಮಾತು. ಸರ್ವೆಯ ದಿನ ನೀವು ಸತ್ತ ಕಾಲುವೆ ಎಂದಾಗ ನಾನು ಏರಿಯ ಮೇಲೆ ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ಅಲ್ಲಿಂದ ಜಂಬಮ್ಮನ ಬಾಳೆ ತೋಟ ನನಗೆ ಕಾಣುತ್ತಿತ್ತು. ಹಸಿರಾಗಿ, ಗೊನೆ ಬಿಟ್ಟು ನಿಂತಿತ್ತು. ಸುತ್ತ ಬೋರ್‌ವೆಲ್ ಇಲ್ಲ, ಕಂಬವಿಲ್ಲ, ತಂತಿಯಿಲ್ಲ. ಈ ಬಾಳೆಗೆ ನೀರು ಎಲ್ಲಿಂದ ಎಂಬ ಪ್ರಶ್ನೆ ನನ್ನ ಬಾಯಿಯವರೆಗೂ ಬಂದಿತ್ತು. ಕೇಳಲಿಲ್ಲ. ಅಷ್ಟು ಜನ ದೊಡ್ಡವರು ನನ್ನ ಅಪ್ಪನ ಮಾತನ್ನು ಗೌರವದಿಂದ ಕೇಳುತ್ತಿದ್ದರು. ಅದನ್ನು ಕಂಡು ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಎಲ್ಲರೆದುರು ನಿಮ್ಮನ್ನು ಎರಡನೇ ಪ್ರಶ್ನೆ ಕೇಳುವ ಮನಸ್ಸಾಗಲಿಲ್ಲ. ಬೇರೆ ಯಾರೇ ಆಗಿದ್ದರೂ ಕೇಳುತ್ತಿದ್ದೆ. ಕೇಳುವುದೇ ನನ್ನ ಕೆಲಸವಾಗಿತ್ತು.

ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಕಾಗದ ಬರೆದಾಗಲೂ ಇದು ನನಗೆ ಗೊತ್ತಿತ್ತು. ಸರ್ವೆ ಇಂಜಿನಿಯರರ ತಪ್ಪಿಲ್ಲ ಎಂದು ನೀವು ಅರ್ಜಿಯಲ್ಲಿ ಬರೆದಿರಲ್ಲ, ಆ ಸಾಲು ಓದಿದಂದಿನಿಂದ ನೆಮ್ಮದಿಯಿಲ್ಲ. ಅದೊಂದು ಸಾಲು ಸರಿಯಿಲ್ಲ ಅಪ್ಪಾ. ಅದನ್ನು ಎರಡು ವಾರದ ಹಿಂದೆ ತಿದ್ದಿದ್ದೇನೆ. ಬಾಳೆ ತೋಟ ಕಂಡೂ ಪ್ರಶ್ನೆ ಕೇಳದೆ ಬಿಟ್ಟೆ ಎಂದು ಕಂಪನಿಗೂ ಕಾಲುವೆ ಆಫೀಸಿಗೂ ಬರೆದುಕೊಟ್ಟಿದ್ದೇನೆ. ಮ್ಯಾನೇಜರ್ ಬೇಡವೆಂದರು, ಕಿಂಡಿ ಬಂತಲ್ಲ, ಇನ್ನೇನು ಎಂದರು. ಕೊಟ್ಟೆ.

ವಿಚಾರಣೆ 18ನೇ ತಾರೀಖು, ಬೆಳಿಗ್ಗೆ ಹನ್ನೊಂದಕ್ಕೆ. ನೋಟಿಸ್ ಇಬ್ಬರಿಗೂ ಕಳಿಸಿದ್ದಾರೆ, ನನ್ನದು ಬಂದಿದೆ, ನಿಮ್ಮದು ನಾಳೆ ತಲುಪಬಹುದು. ಒಬ್ಬರೇ ಬಸ್ ಹತ್ತಿ ಹೊರಡಬೇಡಿ. ಹತ್ತು ಗಂಟೆಗೆ ನಾನೇ ಜೀಪ್ ತರುತ್ತೇನೆ, ಇಬ್ಬರೂ ಒಟ್ಟಿಗೆ ಹೋಗೋಣ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರಿ.

ನಿಮ್ಮ ಮಗಳು,
ಸೌಜನ್ಯ